ಸಸ್ಪೆಂಡ್ ಆದ ಯಂತ್ರ ಸರಿಯಾಗಿ ಏಳಬೇಕು: ನಾಲ್ಕು ಬಗೆಯ ಹಾರ್ಡ್‌ವೇರ್, ಒಂದೇ ಲಿನಕ್ಸ್

ವಿದ್ಯಾನಗರ-ಲ್ಯಾಬ್

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾಲ್ಕು ಬಗೆಯ ಯಂತ್ರಗಳಿವೆ. ಎಲ್ಲದರಲ್ಲೂ ಉಬುಂಟು 24.04, ಕರ್ನಲ್ (ಲಿನಕ್ಸಿನ ತಿರುಳು) 6.8. ಸಸ್ಪೆಂಡ್ (ತೆರೆದ ಕೆಲಸವನ್ನು ರ‍್ಯಾಮಿನಲ್ಲಿಟ್ಟು ಯಂತ್ರವನ್ನು ಮಲಗಿಸುವುದು) ವಿಚಾರದಲ್ಲಿ ಒಂದೊಂದೂ ಒಂದೊಂದು ಥರ ಕೈಕೊಡುತ್ತಿದೆ.

ಅ) ನಾಲ್ಕನೇ ತಲೆಮಾರಿನ ಐ5, ಎಚ್81 ಬೋರ್ಡ್, ಅಸೆಂಬಲ್ ಮಾಡಿದ ಡೆಸ್ಕ್‌ಟಾಪ್. ಮಲಗುತ್ತದೆ. ಎಬ್ಬಿಸಿದರೆ ತೆರೆದಿಟ್ಟ ಕೆಲಸವೆಲ್ಲ ಹೋಗಿ ಹೊಸದಾಗಿ ಬೂಟ್ ಆಗುತ್ತದೆ.
ಆ) ರೈಜನ್ 5, ಬಿ550 ಬೋರ್ಡ್, ಎನ್ವಿಡಿಯಾ ಕಾರ್ಡ್. ಮಲಗಿಸಿದ ತಕ್ಷಣ ತಾನಾಗಿಯೇ ಏಳುತ್ತದೆ. ಕೆಲವು ಸಲ ಎದ್ದ ಮೇಲೆ ಪರದೆ ಕಪ್ಪು.
ಇ) ಎಂಟನೇ ತಲೆಮಾರಿನ ಸೆಕೆಂಡ್‌ಹ್ಯಾಂಡ್ ಥಿಂಕ್‌ಪ್ಯಾಡ್. ಏಳುತ್ತದೆ, ವೈಫೈ ಇರುವುದಿಲ್ಲ.
ಈ) ಹನ್ನೊಂದನೇ ತಲೆಮಾರಿನ ಇಂಟೆಲ್ ಲ್ಯಾಪ್‌ಟಾಪ್. ಮುಚ್ಚಿ ಬ್ಯಾಗಿಗೆ ಹಾಕಿದರೆ ಚಿತ್ರದುರ್ಗ ಮುಟ್ಟುವಷ್ಟರಲ್ಲಿ ಕಾದ ಹೆಂಚು. ರಾತ್ರಿ ಬಿಟ್ಟರೆ ಬೆಳಿಗ್ಗೆ ಬ್ಯಾಟರಿ ಸೊನ್ನೆ.

ಗ್ರಬ್‌ನಲ್ಲಿ (ಲಿನಕ್ಸಿನ ಬೂಟ್ ಲೋಡರ್) 'ಮೆಮ್_ಸ್ಲೀಪ್_ಡಿಫಾಲ್ಟ್=ಡೀಪ್' ಅಂತ ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂತ ಹಲವರು ಹೇಳುತ್ತಾರೆ. ನಾಲ್ಕಕ್ಕೂ ಅದೇ ಸಾಲು ಇರುವ ಒಂದೇ ಇಮೇಜ್ (ಸೆಟ್ಟಿಂಗ್ ಸಮೇತದ ಸಿದ್ಧ ಲಿನಕ್ಸ್ ಪ್ರತಿ) ಹಾಕಬಹುದೇ?

ದುರ್ಗದ-ಕರ್ನಲ್

ಬೇಡ ಸರ್. ಆ ಸಾಲು ಹಾಕುವ ಮುಂಚೆ, ಆ ಯಂತ್ರಕ್ಕೆ ಯಾವ ಯಾವ ನಿದ್ದೆ ಬರುತ್ತದೆ ಅಂತ ನೋಡಿಕೊಳ್ಳಿ. '/ಸಿಸ್/ಪವರ್/ಮೆಮ್_ಸ್ಲೀಪ್' ಕಡತವನ್ನು 'ಕ್ಯಾಟ್' ಮಾಡಿದರೆ 'ಎಸ್2ಐಡಲ್' ಮತ್ತು 'ಡೀಪ್' ಎಂಬ ಹೆಸರುಗಳು ಕಾಣುತ್ತವೆ, ಈಗ ಬಳಕೆಯಲ್ಲಿ ಇರುವುದಕ್ಕೆ ಚೌಕ ಆವರಣ ಇರುತ್ತದೆ. ಡೀಪ್ ಅಂದರೆ ಎಸ್3: ರ‍್ಯಾಮಿಗೆ ಮಾತ್ರ ಕರೆಂಟ್, ಉಳಿದದ್ದೆಲ್ಲ ಆಫ್, ಎಬ್ಬಿಸುವ ಕೆಲಸ ಬಯಾಸಿನದು (ಬೋರ್ಡಿನಲ್ಲೇ ಇರುವ ಫರ್ಮ್‌ವೇರ್). ಎಸ್2ಐಡಲ್‌ನಲ್ಲಿ ಬಯಾಸಿಗೆ ಕೆಲಸವೇ ಇಲ್ಲ. ಕರ್ನಲ್ಲೇ ಎಲ್ಲ ಡಿವೈಸ್‌ಗಳನ್ನು ಮಲಗಿಸಿ ಸಿಪಿಯುವನ್ನು ಅತಿ ಆಳದ ಐಡಲ್‌ಗೆ ಬಿಡುತ್ತದೆ. ಒಂದು ಡಿವೈಸ್ ಎಚ್ಚರವಾಗಿ ಉಳಿದರೂ ಇಡೀ ಚಿಪ್ ಎಚ್ಚರ. ನಿಮ್ಮ (ಈ) ಬಿಸಿಯಾಗುವುದು ಬಹುತೇಕ ಇದರಿಂದಲೇ.

ವಿಂಡೋಸ್ 10ರ ಮಾಡರ್ನ್ ಸ್ಟ್ಯಾಂಡ್‌ಬೈಗೆ (ಎಸ್2ಐಡಲ್ ಥರದ ನಿದ್ದೆ) ಹೊಂದಿಸಿ ಮಾಡಿದ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಸ್3ಯನ್ನು ತೆಗೆದೇ ಹಾಕಿದ್ದಾರೆ. ಅಂಥವುಗಳಲ್ಲಿ ಆ ಕಡತದಲ್ಲಿ 'ಡೀಪ್' ಕಾಣುವುದೇ ಇಲ್ಲ, ಗ್ರಬ್‌ನಲ್ಲಿ ಬರೆದರೂ ಏನೂ ಆಗುವುದಿಲ್ಲ. ಕಷ್ಟದ ಕೇಸು ಬೇರೆ: ಫರ್ಮ್‌ವೇರಿನಲ್ಲಿ ಎಸ್3 ಇದೆ ಅಂತ ಬರೆದಿರುತ್ತಾರೆ, ತಯಾರಕರು ಅದನ್ನು ಪರೀಕ್ಷೆ ಮಾಡಿರುವುದಿಲ್ಲ. ಅಲ್ಲಿ ಡೀಪ್ ಒತ್ತಾಯಿಸಿದರೆ ಮಲಗಿದ್ದು ಏಳುವುದೇ ಇಲ್ಲ. ಥಿಂಕ್‌ಪ್ಯಾಡುಗಳಲ್ಲಿ ಹಲವು ಮಾಡೆಲ್‌ಗಳ ಬಯಾಸಿನಲ್ಲಿ ಪವರ್ ವಿಭಾಗದಡಿ 'ಸ್ಲೀಪ್ ಸ್ಟೇಟ್' ಅಂತ ಇದೆ, ಅದನ್ನು 'ಲಿನಕ್ಸ್' ಮಾಡಿದರೆ ಎಸ್3 ಬರುತ್ತದೆ. ಅದು ತಯಾರಕರೇ ಕೊಟ್ಟ ದಾರಿ, ಧೈರ್ಯವಾಗಿ ಬಳಸಿ.

ಇನ್ನೊಂದು. ನಾಲ್ಕು ತೊಂದರೆಗಳೂ ನಾಲ್ಕು ಹಂತದಲ್ಲಿವೆ. (ಅ) ಹಾರ್ಡ್‌ವೇರಿನದು, (ಆ) ಎಬ್ಬಿಸುವ ಸಿಗ್ನಲ್ಲಿನದು ಮತ್ತು ಗ್ರಾಫಿಕ್ಸಿನದು, (ಇ) ಡ್ರೈವರಿನದು, (ಈ) ಆಳದ ನಿದ್ದೆಗೆ ಇಳಿಯದ್ದು. ಎಲ್ಲಿ ಮುರಿಯುತ್ತಿದೆ ಅಂತ ಗೊತ್ತಾಗದೆ ಒಂದು ಪ್ಯಾರಾಮೀಟರನ್ನೂ ಮುಟ್ಟಬೇಡಿ.

ಮಂಡಿಪೇಟೆ-ಸರ್ವಿಸ್

(ಅ) ಬಗ್ಗೆ ನಾನು ಹೇಳ್ತೀನಿ. ಎಬ್ಬಿಸಿದಾಗ ಬಯಾಸ್ ಲೋಗೋ ಬರುತ್ತಾ ನೋಡ್ರಿ. ಎಸ್3ಯಿಂದ ಸರಿಯಾಗಿ ಎದ್ದರೆ ಲೋಗೋ ಬರಬಾರದು. ಬಂತು ಅಂದ್ರೆ ರ‍್ಯಾಮಿನಲ್ಲಿದ್ದದ್ದು ಅಳಿಸಿಹೋಗಿದೆ, ಲಿನಕ್ಸಿನ ತಪ್ಪೇನೂ ಇಲ್ಲ.

ಮೊದಲ ಅನುಮಾನ ಎಸ್‌ಎಂಪಿಎಸ್, ಅಂದ್ರೆ ಪವರ್ ಸಪ್ಲೈ ಡಬ್ಬಿ. ಮಲಗಿದಾಗ ರ‍್ಯಾಮಿಗೆ ಕರೆಂಟ್ ಬರೋದು 5 ವೋಲ್ಟ್ ಸ್ಟ್ಯಾಂಡ್‌ಬೈ ಲೈನಿನಿಂದ, 24 ಪಿನ್ ಕನೆಕ್ಟರಿನ ನೇರಳೆ ವೈರು. ಯಂತ್ರವನ್ನು ಮಲಗಿಸಿ, ಕನೆಕ್ಟರಿನ ಹಿಂಭಾಗದಿಂದ ಮಲ್ಟಿಮೀಟರಿನ ಕೆಂಪು ಕಡ್ಡಿ ನೇರಳೆಗೆ, ಕಪ್ಪು ಕಡ್ಡಿ ಕಪ್ಪು ವೈರಿಗೆ ಇಟ್ಟು ಅಳೀರಿ. 4.75ರಿಂದ 5.25ರ ಒಳಗೆ ಇರಬೇಕು. ಆನ್ ಇದ್ದಾಗ ಅಳೆದ್ರೆ ಪ್ರಯೋಜನ ಇಲ್ಲ, ಮಲಗಿದಾಗಲೇ ನೋಡಬೇಕು. ಹಳೇ ಎಸ್‌ಎಂಪಿಎಸ್‌ಗಳಲ್ಲಿ ಈ ಲೈನಿನ ಕೆಪಾಸಿಟರ್ ಮೊದಲು ಒಣಗುತ್ತೆ, ಯಾಕಂದ್ರೆ ಸ್ವಿಚ್ ಬೋರ್ಡ್ ಆಫ್ ಮಾಡೋ ತನಕ ಅದು ಹಗಲೂ ರಾತ್ರಿ ಓಡ್ತಾನೇ ಇರುತ್ತೆ. ಯುಎಸ್‌ಬಿಯಲ್ಲಿ ಮೊಬೈಲ್ ಚಾರ್ಜಿಗೆ ಹಾಕಿದ್ರೆ ತೆಗೀರಿ, ಆ ಭಾರಾನೂ ಇದೇ ಲೈನಿನ ಮೇಲೆ ಬೀಳುತ್ತೆ. ಕೆಪಾಸಿಟರ್ ಬದಲಿಸೋ ಬದಲು ಎಸ್‌ಎಂಪಿಎಸ್ಸನ್ನೇ ಬದಲಿಸೋದು ಒಳ್ಳೇದು, ಒಳಗಿನ ದೊಡ್ಡ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ಶಾಕ್ ಹೊಡೆಯುತ್ತೆ.

ವೋಲ್ಟೇಜ್ ಸರಿ ಇದ್ರೆ ರ‍್ಯಾಮ್ ನೋಡ್ರಿ. ಎರಡು ಕಂಪನಿಯ ಎರಡು ಸ್ಟಿಕ್ ಇದ್ರೆ ಒಂದನ್ನು ತೆಗೆದು ಪರೀಕ್ಷೆ ಮಾಡ್ರಿ. ಬಯಾಸಿನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಹೆಚ್ಚು ವೇಗದಲ್ಲಿ ಓಡಿಸೋ ಸೆಟ್ಟಿಂಗ್) ಆನ್ ಇದ್ರೆ ಆಫ್ ಮಾಡ್ರಿ. ಓಡುವಾಗ ತೊಂದರೆ ಕೊಡದ ಟೈಮಿಂಗ್, ಏಳುವಾಗ ಮಾತ್ರ ಕೈಕೊಡೋದು ಉಂಟು. ಸಿಮಾಸ್ ಸೆಲ್ (ಸಿಆರ್2032, 3 ವೋಲ್ಟ್) ಹಳೇದಾಗಿದ್ರೆ ಹೊಸದು ಹಾಕಿಬಿಡ್ರಿ. ಸೆಲ್ ಸತ್ತಿದ್ರೆ ಕರೆಂಟ್ ಹೋಗಿ ಬಂದಾಗ ಬಯಾಸ್ ಸೆಟ್ಟಿಂಗ್ ಅಳಿಸಿ, ನೀವು ಮಾಡಿದ್ದೆಲ್ಲ ಮತ್ತೆ ಮೊದಲಿನಂತೆ ಆಗುತ್ತೆ.

ವಿದ್ಯಾನಗರ-ಲ್ಯಾಬ್

ಅಳೆದೆವು. ಮಲಗಿದಾಗ 4.4ಕ್ಕೆ ಇಳಿಯುತ್ತಿದೆ. ಎಸ್‌ಎಂಪಿಎಸ್ ಬದಲಿಸಿದರೆ ಸಾಕೇ? ಡೆಸ್ಕ್‌ಟಾಪ್‌ಗಳಿಗೆ ಯುಪಿಎಸ್ ಇಲ್ಲ, ಕರೆಂಟ್ ಹೋದರೆ?

ಮಂಡಿಪೇಟೆ-ಸರ್ವಿಸ್

4.4 ಅಂದ್ರೆ ಕಾರಣ ಸಿಕ್ತು. ಬದಲಿಸ್ರಿ. ಬಯಾಸಿನಲ್ಲಿ 'ಇಆರ್‌ಪಿ' ಅನ್ನೋದು ಆನ್ ಇದ್ರೆ ಅದನ್ನೂ ಆಫ್ ಮಾಡ್ರಿ. ಅದು ಸ್ಟ್ಯಾಂಡ್‌ಬೈ ವಿದ್ಯುತ್ ಉಳಿಸೋಕೆ ಇರೋದು. ಆನ್ ಇದ್ರೆ ಕೆಲವು ಬೋರ್ಡುಗಳು ಕೀಬೋರ್ಡಿನಿಂದ ಏಳೋದಿಲ್ಲ.

ಹರಿಹರ-ಅಡ್ಮಿನ್

ಯುಪಿಎಸ್ ಇಲ್ಲದ ಡೆಸ್ಕ್‌ಟಾಪನ್ನು ಬರೀ ಸಸ್ಪೆಂಡಿನಲ್ಲಿ ಬಿಡುವುದು ಸರಿಯಲ್ಲ. ಕರೆಂಟ್ ಹೋದ ಕ್ಷಣಕ್ಕೆ ರ‍್ಯಾಮ್ ಖಾಲಿ. ಮಲಗುವ ಮುಂಚೆ ಕರ್ನಲ್ ಬಾಕಿ ಬರಹವನ್ನು ಡಿಸ್ಕಿಗೆ ಸಿಂಕ್ ಮಾಡುವುದರಿಂದ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಸಾಮಾನ್ಯವಾಗಿ ಉಳಿಯುತ್ತದೆ, ಸೇವ್ ಮಾಡದ ಕೆಲಸ ಉಳಿಯುವುದಿಲ್ಲ. ಅಲ್ಲಿ 'ಸಿಸ್ಟಮ್‌ಸಿಟಿಎಲ್ ಹೈಬ್ರಿಡ್-ಸ್ಲೀಪ್' ಬಳಸಿ. ರ‍್ಯಾಮಿನ ಚಿತ್ರವನ್ನು ಸ್ವಾಪಿಗೂ (ಡಿಸ್ಕಿನಲ್ಲಿ ರ‍್ಯಾಮಿಗೆಂದು ಇಟ್ಟ ಜಾಗ) ಬರೆದು ಆಮೇಲೆ ಎಸ್3ಗೆ ಹೋಗುತ್ತದೆ. ಕರೆಂಟ್ ಇದ್ದರೆ ತಕ್ಷಣ ಏಳುತ್ತದೆ, ಹೋಗಿದ್ದರೆ ಡಿಸ್ಕಿನಿಂದ ಏಳುತ್ತದೆ. ಇದಕ್ಕೆ ಹೈಬರ್ನೇಟ್ (ರ‍್ಯಾಮಿನಲ್ಲಿದ್ದದ್ದನ್ನು ಡಿಸ್ಕಿಗೆ ಬರೆದು ಪೂರ್ತಿ ಆಫ್ ಆಗುವುದು) ಮೊದಲು ಸರಿಯಾಗಿ ಕೆಲಸ ಮಾಡುತ್ತಿರಬೇಕು. ಅದನ್ನು ಕೆಳಗೆ ಬೇರೆಯಾಗಿ ಬರೆಯುತ್ತೇನೆ.

ದುರ್ಗದ-ಕರ್ನಲ್

(ಆ)ಗೆ ಬರೋಣ. ತಾನಾಗಿ ಏಳುವುದು ಕೆಲವು ಬಿ550 ಬೋರ್ಡುಗಳಲ್ಲಿ ಎಲ್ಲರಿಗೂ ಗೊತ್ತಿರುವ ಕಾಯಿಲೆ. '/ಪ್ರಾಕ್/ಎಸಿಪಿಐ/ವೇಕಪ್' ಕಡತ ನೋಡಿ. ಅದರಲ್ಲಿ 'ಜಿಪಿಪಿ0' (ಒಂದು ಪಿಸಿಐಇ ಪೋರ್ಟ್) ಮುಂದೆ 'ಎನೇಬಲ್ಡ್' ಇದ್ದರೆ ಅದೇ ಕಾರಣ ಇರಬಹುದು. ಆಫ್ ಮಾಡಲು ಅದೇ ಹೆಸರನ್ನು ಆ ಕಡತಕ್ಕೆ ಬರೆಯಬೇಕು. 'ಸುಡೋ ಎಕೋ' ಜೊತೆ ಬಾಣ (>) ಹಾಕಿದರೆ ಅನುಮತಿ ಇಲ್ಲ ಅನ್ನುತ್ತದೆ, 'ಎಕೋ ಜಿಪಿಪಿ0 | ಸುಡೋ ಟೀ /ಪ್ರಾಕ್/ಎಸಿಪಿಐ/ವೇಕಪ್' ಅಂತ ಕೊಡಿ.

ಎರಡು ಎಚ್ಚರಿಕೆ. ಈ ಬರಹ ಸ್ವಿಚ್ ಇದ್ದಂತೆ ಆಚೀಚೆ ತಿರುಗುತ್ತದೆ: ಎರಡನೇ ಸಲ ಬರೆದರೆ ಮತ್ತೆ ಆನ್. ಆದ್ದರಿಂದ ಬೂಟ್ ಸ್ಕ್ರಿಪ್ಟಿನಲ್ಲಿ 'ಎನೇಬಲ್ಡ್' ಇದೆಯೇ ಅಂತ 'ಗ್ರೆಪ್' ಮಾಡಿ ಆಮೇಲೆ ಬರೆಯಬೇಕು. ಮತ್ತೆ, ಇದು ರೀಬೂಟಿಗೆ ಅಳಿಸಿಹೋಗುತ್ತದೆ, ಒನ್‌ಶಾಟ್ ಬಗೆಯ (ಬೂಟಿನಲ್ಲಿ ಒಮ್ಮೆ ಓಡಿ ಮುಗಿಯುವ) ಸಿಸ್ಟಮ್‌ಡಿ ಸರ್ವಿಸ್ ಮಾಡಿಡಿ.

ಜಿಪಿಪಿ0 ಅಲ್ಲದಿದ್ದರೆ ಯಾರು ಎಬ್ಬಿಸಿದರು ಅಂತ '/ಸಿಸ್/ಪವರ್/ಪಿಎಂ_ವೇಕಪ್_ಐಆರ್‌ಕ್ಯೂ' ನೋಡಿ, ಆ ಸಂಖ್ಯೆಯನ್ನು '/ಪ್ರಾಕ್/ಇಂಟರಪ್ಟ್ಸ್'ನಲ್ಲಿ ಹುಡುಕಿ. ಹಲವರು 'ಎಕ್ಸ್‌ಎಚ್‌ಸಿ'ಯನ್ನೇ ಆಫ್ ಮಾಡುತ್ತಾರೆ. ಅದು ಯುಎಸ್‌ಬಿ ಕಂಟ್ರೋಲರ್, ಆಫ್ ಆದರೆ ಕೀಬೋರ್ಡಿನಿಂದ ಎಬ್ಬಿಸುವುದೂ ನಿಂತಿತು. ಟೇಬಲ್ ಅಲುಗಾಡಿದಾಗ ಮೌಸ್ ಎಬ್ಬಿಸುತ್ತಿದ್ದರೆ ಆ ಮೌಸಿನ 'ಪವರ್/ವೇಕಪ್' ಕಡತಕ್ಕೆ ಮಾತ್ರ 'ಡಿಸೇಬಲ್ಡ್' ಬರೆಯುವ ಯುಡೆವ್ ನಿಯಮ (ಡಿವೈಸ್ ಸಿಕ್ಕಾಗ ತಾನಾಗಿ ಓಡುವುದು) ಸಾಕು. ಲ್ಯಾನ್ ಕಾರ್ಡ್ ಎಬ್ಬಿಸುತ್ತಿದ್ದರೆ 'ಇಥ್‌ಟೂಲ್ -ಎಸ್' ಜೊತೆ 'ಡಬ್ಲ್ಯೂಒಎಲ್ ಡಿ'.

ನಿಟ್ಟುವಳ್ಳಿ-ಡಿಟಿಪಿ

ಕಪ್ಪು ಪರದೆಗೆ ನಾನು ಸೇರಿಸುತ್ತೇನೆ. ಪವರ್ ಬಟನ್ ಒತ್ತಿ ಹಿಡಿಯುವ ಮುಂಚೆ ಕ್ಯಾಪ್ಸ್‌ಲಾಕ್ ಒತ್ತಿ. ದೀಪ ಬದಲಾದರೆ ಕರ್ನಲ್ ಬದುಕಿದೆ, ಗ್ರಾಫಿಕ್ಸ್ ಮಾತ್ರ ಹೋಗಿದೆ. ಪಕ್ಕದ ಯಂತ್ರದಿಂದ ಎಸ್‌ಎಸ್‌ಎಚ್ ಮಾಡಿ 'ಜರ್ನಲ್‌ಸಿಟಿಎಲ್ -ಬಿ' ಕೊಟ್ಟು ಲಾಗ್ ತೆಗೆದುಕೊಳ್ಳಬಹುದು. ದೀಪ ಅಲುಗಾಡದಿದ್ದರೆ ಕೆಳಗಿನ ಹಂತದಲ್ಲೇ ನಿಂತಿದೆ.

ಎನ್ವಿಡಿಯಾದ ಸ್ವಂತ ಡ್ರೈವರಿನಲ್ಲಿ, ಮಲಗುವಾಗ ವಿಡಿಯೋ ಮೆಮರಿಯಲ್ಲಿರುವುದೆಲ್ಲ ತಾನಾಗಿ ಉಳಿಯುವುದಿಲ್ಲ. ಅದನ್ನು ಉಳಿಸಲು ಮಾಡ್ಯೂಲ್ ಆಯ್ಕೆ 'ಎನ್‌ವಿರೆಗ್_ಪ್ರಿಸರ್ವ್‌ವಿಡಿಯೋಮೆಮರಿಅಲೋಕೇಷನ್ಸ್=1' ಬೇಕು. 'ಎನ್ವಿಡಿಯಾ-ಸಸ್ಪೆಂಡ್', 'ಎನ್ವಿಡಿಯಾ-ರೆಸ್ಯೂಮ್', 'ಎನ್ವಿಡಿಯಾ-ಹೈಬರ್ನೇಟ್' ಸರ್ವಿಸ್‌ಗಳು ಎನೇಬಲ್ ಇರಬೇಕು. ಉಳಿಸುವ ಜಾಗ 'ಎನ್‌ವಿರೆಗ್_ಟೆಂಪರರಿಫೈಲ್‌ಪಾತ್' ಹೇಳಿದ ಕಡೆ. ಅದು ರ‍್ಯಾಮಿನಲ್ಲಿರುವ ಟೆಂಪ್ ಆಗಿದ್ದರೆ 8 ಜಿಬಿ ಕಾರ್ಡಿನ ಮೆಮರಿಯನ್ನು 8 ಜಿಬಿ ರ‍್ಯಾಮಿಗೆ ತುಂಬಲು ಹೋಗಿ ಸೋಲುತ್ತದೆ. '/ವಾರ್/ಟೆಂಪ್' ಕೊಟ್ಟು, ಕಾರ್ಡಿನ ಮೆಮರಿಗಿಂತ ಸ್ವಲ್ಪ ಹೆಚ್ಚು ಜಾಗ ಡಿಸ್ಕಿನಲ್ಲಿ ಖಾಲಿ ಇಡಿ. ಫೋಟೋ ಸ್ಟುಡಿಯೋ ಯಂತ್ರಗಳಲ್ಲಿ ಡಿಸ್ಕ್ ತುಂಬಿದಾಗ ಮಾತ್ರ ಸಸ್ಪೆಂಡ್ ಕೆಡುವುದಕ್ಕೆ ಇದು ಕಾರಣ, ಯಾರೂ ಆ ಕಡೆ ನೋಡುವುದಿಲ್ಲ.

ವಿದ್ಯಾನಗರ-ಲ್ಯಾಬ್

ಜಿಪಿಪಿ0 ಆಫ್ ಮಾಡಿದ ಮೇಲೆ ಮಲಗಿಯೇ ಇರುತ್ತದೆ. ಧನ್ಯವಾದ. ಕ್ಯಾಪ್ಸ್‌ಲಾಕ್ ದೀಪ ಬದಲಾಗದೇ ಇದ್ದರೆ ಹಂತ ಹುಡುಕುವುದು ಹೇಗೆ? ಲಾಗಿನಲ್ಲಿ ಮಲಗುವ ಸಾಲೇ ಕೊನೆ, ಆಮೇಲೆ ಏನೂ ಇಲ್ಲ.

ದುರ್ಗದ-ಕರ್ನಲ್

ಅದಕ್ಕಾಗಿಯೇ '/ಸಿಸ್/ಪವರ್/ಪಿಎಂ_ಟೆಸ್ಟ್' ಇದೆ. ಇದಕ್ಕೆ ಒಂದು ಹಂತದ ಹೆಸರು ಬರೆದು ಸಸ್ಪೆಂಡ್ ಕೊಟ್ಟರೆ ಅಲ್ಲಿಯವರೆಗೆ ಮಾತ್ರ ಹೋಗಿ, 5 ಸೆಕೆಂಡ್ ಕಾದು, ಹಿಂದಕ್ಕೆ ಬರುತ್ತದೆ. ಕ್ರಮ ಹೀಗೆ: 'ಫ್ರೀಜರ್', 'ಡಿವೈಸಸ್', 'ಪ್ಲಾಟ್‌ಫಾರ್ಮ್', 'ಪ್ರೊಸೆಸರ್ಸ್', 'ಕೋರ್'. ಎಸ್2ಐಡಲ್ ಯಂತ್ರಕ್ಕೆ ಮೊದಲ ಮೂರು ಸಾಕು.

ಫ್ರೀಜರಿನಲ್ಲೇ ಸೋತರೆ ಯಾವುದೋ ಪ್ರೋಗ್ರಾಂ ನಿಲ್ಲುತ್ತಿಲ್ಲ. 20 ಸೆಕೆಂಡ್ ಕಾದು ಕರ್ನಲ್ ಕೈಬಿಡುತ್ತದೆ, ಡಿಮೆಸ್ಸೇಜಿನಲ್ಲಿ (ಕರ್ನಲ್ ಸಂದೇಶಗಳ ಪಟ್ಟಿ) ಯಾವ ಟಾಸ್ಕ್ ಅಂತ ಹೆಸರಿರುತ್ತದೆ. ಲ್ಯಾಬ್‌ಗಳಲ್ಲಿ ಸಾಮಾನ್ಯವಾಗಿ ಇದು ಎನ್‌ಎಫ್‌ಎಸ್ ಅಥವಾ ಸಾಂಬಾ ಶೇರ್ (ಸರ್ವರಿನಿಂದ ಹಂಚಿಕೊಂಡ ಫೋಲ್ಡರ್): ಸರ್ವರ್ ಆಫ್ ಆಗಿದೆ, ಕ್ಲೈಂಟಿನಲ್ಲಿ ಒಂದು ಓದು ಕಾಯುತ್ತಾ ಕೂತಿದೆ. ಸರ್ವರ್ ಆಫ್ ಮಾಡುವ ಮುಂಚೆ ಕ್ಲೈಂಟ್‌ಗಳನ್ನು ಅನ್‌ಮೌಂಟ್ ಮಾಡಿ, ಇಲ್ಲವೇ ಆಟೋಮೌಂಟ್ ಬಳಸಿ.

ಡಿವೈಸಸ್‌ನಲ್ಲಿ ಸೋತರೆ ಡ್ರೈವರ್. ಅಂಥಾಗ '/ಸಿಸ್/ಪವರ್/ಸಸ್ಪೆಂಡ್_ಸ್ಟ್ಯಾಟ್ಸ್' ಒಳಗೆ 'ಲಾಸ್ಟ್_ಫೇಲ್ಡ್_ಡೆವ್' ಅಂತ ಕಡತ ಇದೆ, ಡಿವೈಸಿನ ಹೆಸರು ಸೀದಾ ಸಿಗುತ್ತದೆ. ಆ ಡ್ರೈವರ್ ಮಾಡ್ಯೂಲನ್ನು ತೆಗೆದು ಮತ್ತೆ ಪರೀಕ್ಷಿಸಿ. ಪ್ಲಾಟ್‌ಫಾರ್ಮಿನಿಂದ ಕೆಳಗೆ ಸೋತರೆ ಬಹುತೇಕ ಬಯಾಸ್. 'ಎಫ್‌ಡಬ್ಲ್ಯೂಅಪ್‌ಡಿಎಂಜಿಆರ್ ಗೆಟ್-ಅಪ್‌ಡೇಟ್ಸ್' ಕೊಟ್ಟು ಹೊಸ ಫರ್ಮ್‌ವೇರ್ ಇದೆಯೇ ನೋಡಿ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಬಯಾಸ್ ಅಪ್‌ಡೇಟ್ ಬೇಡ, ನಡುವೆ ಕರೆಂಟ್ ಹೋದರೆ ಬೋರ್ಡೇ ಹೋಗಬಹುದು. ಎಲ್ಲಿಂದಾದರೂ ಒಂದು ಯುಪಿಎಸ್ ತಂದು ಮಾಡಿ.

ಎಲ್ಲ ಹಂತ ಪಾಸ್ ಆಗಿ, ನಿಜವಾಗಿ ಮಲಗಿಸಿದಾಗ ಮಾತ್ರ ಏಳದಿದ್ದರೆ 'ಪಿಎಂ_ಟ್ರೇಸ್'ಗೆ 1 ಬರೆದು ಮಲಗಿಸಿ. ಏಳುವಾಗ ಎಲ್ಲಿಯವರೆಗೆ ಬಂತು ಎಂಬ ಗುರುತನ್ನು ಕರ್ನಲ್ ಆರ್‌ಟಿಸಿ ಗಡಿಯಾರದಲ್ಲಿ ಬರೆಯುತ್ತದೆ. ನಿಂತುಹೋದ ಮೇಲೆ ಬಲವಂತವಾಗಿ ಆಫ್ ಮಾಡಿ 3 ನಿಮಿಷದೊಳಗೆ ಅದೇ ಕರ್ನಲ್‌ಗೆ ಬೂಟ್ ಮಾಡಿ, ಡಿಮೆಸ್ಸೇಜಿನಲ್ಲಿ 'ಹ್ಯಾಶ್ ಮ್ಯಾಚಸ್' ಹುಡುಕಿ. ಗಡಿಯಾರ ತಪ್ಪಾಗಿರುತ್ತದೆ, ಸರಿಪಡಿಸಿಕೊಳ್ಳಿ, ಇಲ್ಲದಿದ್ದರೆ ಬ್ರೌಸರ್ ಎಲ್ಲ ಸೈಟಿಗೂ ಸರ್ಟಿಫಿಕೇಟ್ ತಪ್ಪು ಅನ್ನುತ್ತದೆ.

ಹರಿಹರ-ಅಡ್ಮಿನ್

(ಇ) ವೈಫೈ ಚುಟುಕಾಗಿ. ಎದ್ದ ಮೇಲೆ 'ಎಲ್‌ಎಸ್‌ಪಿಸಿಐ'ಯಲ್ಲಿ (ಪಿಸಿಐ ಡಿವೈಸ್‌ಗಳ ಪಟ್ಟಿ) ಕಾರ್ಡ್ ಕಾಣುತ್ತದೆಯೇ? ಕಂಡರೆ ಡ್ರೈವರ್ ಮಾತ್ರ ಎಡವಿದೆ. 'ಮಾಡ್‌ಪ್ರೋಬ್ -ಆರ್ ಐಡಬ್ಲ್ಯೂಎಲ್‌ಎಂವಿಎಂ ಐಡಬ್ಲ್ಯೂಎಲ್‌ವೈಫೈ', ಆಮೇಲೆ 'ಮಾಡ್‌ಪ್ರೋಬ್ ಐಡಬ್ಲ್ಯೂಎಲ್‌ವೈಫೈ'. ಇದರಿಂದ ಸರಿಹೋದರೆ '/ಯುಎಸ್‌ಆರ್/ಲಿಬ್/ಸಿಸ್ಟಮ್‌ಡಿ/ಸಿಸ್ಟಮ್-ಸ್ಲೀಪ್' ಒಳಗೆ ಸ್ಕ್ರಿಪ್ಟ್ ಇಡಿ. ಮೊದಲ ಆರ್ಗ್ಯುಮೆಂಟ್ 'ಪ್ರೀ' ಇದ್ದಾಗ ತೆಗೆ, 'ಪೋಸ್ಟ್' ಇದ್ದಾಗ ಹಾಕು. 'ಸಿಎಚ್‌ಮೋಡ್ 755' ಮರೆತರೆ ಓಡುವುದಿಲ್ಲ, ತಪ್ಪೂ ತೋರಿಸುವುದಿಲ್ಲ. ಕಾರ್ಡೇ ಕಾಣದಿದ್ದರೆ ಪಿಸಿಐ ಹಂತದ ತೊಂದರೆ: ಆ ಡಿವೈಸಿನ 'ಡಿ3ಕೋಲ್ಡ್_ಅಲೌಡ್' ಕಡತಕ್ಕೆ 0 ಬರೆದು ಪರೀಕ್ಷಿಸಿ.

ದುರ್ಗದ-ಕರ್ನಲ್

(ಈ) ಹೆಚ್ಚು ತಾಳ್ಮೆ ಬೇಡುತ್ತದೆ. ಮೊದಲು ಅಳತೆ. '/ಸಿಸ್/ಕ್ಲಾಸ್/ಪವರ್_ಸಪ್ಲೈ/ಬ್ಯಾಟ್0/ಎನರ್ಜಿ_ನೌ' ಮೈಕ್ರೋವ್ಯಾಟ್-ಗಂಟೆಯಲ್ಲಿ ಇರುತ್ತದೆ. ಚಾರ್ಜರ್ ತೆಗೆದು, ಬರೆದುಕೊಂಡು, 2 ಗಂಟೆ ಮಲಗಿಸಿ, ಮತ್ತೆ ಓದಿ. 10 ಲಕ್ಷ ಇಳಿದಿದ್ದರೆ 1 ವ್ಯಾಟ್-ಗಂಟೆ, ಅಂದರೆ ಸರಾಸರಿ ಅರ್ಧ ವ್ಯಾಟ್, ಪರವಾಗಿಲ್ಲ. 4 ವ್ಯಾಟ್ ಹೋಗುತ್ತಿದ್ದರೆ 50 ವ್ಯಾಟ್-ಗಂಟೆಯ ಬ್ಯಾಟರಿ ಹನ್ನೆರಡೂವರೆ ಗಂಟೆಗೆ ಖಾಲಿ. ಕೆಲವು ಯಂತ್ರಗಳಲ್ಲಿ 'ಚಾರ್ಜ್_ನೌ' ಮಾತ್ರ ಇರುತ್ತದೆ, ಅದನ್ನು ವೋಲ್ಟೇಜಿಗೆ ಗುಣಿಸಿ.

ಆಮೇಲೆ 'ಸಸ್ಪೆಂಡ್_ಸ್ಟ್ಯಾಟ್ಸ್/ಲಾಸ್ಟ್_ಎಚ್‌ಡಬ್ಲ್ಯೂ_ಸ್ಲೀಪ್' ಓದಿ. ಕೊನೆಯ ಸಲ ಹಾರ್ಡ್‌ವೇರ್ ನಿಜವಾಗಿ ಆಳದ ನಿದ್ದೆಯಲ್ಲಿದ್ದ ಹೊತ್ತು ಅದು. 2 ಗಂಟೆ ಮಲಗಿಸಿ ಸೊನ್ನೆ ಬಂದರೆ ಪರದೆ ಆರಿದ್ದಷ್ಟೇ, ಯಂತ್ರ ಎಚ್ಚರವಾಗಿಯೇ ಇತ್ತು. ಇಂಟೆಲ್‌ನಲ್ಲಿ ಡೀಬಗ್ ಫೈಲ್‌ಸಿಸ್ಟಮಿನ 'ಪಿಎಂಸಿ_ಕೋರ್/ಪ್ಯಾಕೇಜ್_ಸಿಸ್ಟೇಟ್_ಶೋ' ನೋಡಿ. 'ಪಿಸಿ10' (ಸಿಪಿಯುವಿನ ಅತಿ ಆಳದ ಐಡಲ್) ಲೆಕ್ಕ ಏರದಿದ್ದರೆ ಗ್ರಾಫಿಕ್ಸ್, ಎನ್‌ವಿಎಂಇ ಅಥವಾ ಪಿಸಿಐಇ ಡಿವೈಸ್ ಒಂದು ತಡೆಯುತ್ತಿದೆ. ಅದು ಏರಿಯೂ 'ಎಸ್‌ಎಲ್‌ಪಿ_ಎಸ್0' (ಚಿಪ್‌ಸೆಟ್ಟೂ ಸೇರಿದ ಆಳದ ನಿದ್ದೆ) ಏರದಿದ್ದರೆ ಚಿಪ್‌ಸೆಟ್ ಕಡೆ: ಯುಎಸ್‌ಬಿ, ಕಾರ್ಡ್ ರೀಡರ್, ಆಡಿಯೋ.

ಬಯಾಸಿನಲ್ಲಿ ಸ್ಟೋರೇಜ್ 'ರೇಡ್' ಅಥವಾ 'ವಿಎಂಡಿ' (ಡಿಸ್ಕನ್ನು ಇಂಟೆಲ್ ಕಂಟ್ರೋಲರಿನ ಹಿಂದೆ ಇಡುವ ಬಗೆ) ಎಂದಿದ್ದರೆ 'ಎಎಚ್‌ಸಿಐ' (ಸಾಮಾನ್ಯ ಬಗೆ) ಮಾಡಿ ನೋಡಿ. ಈ ಒಂದು ಬದಲಾವಣೆಗೆ ಸರಿಹೋಗುವ ಲ್ಯಾಪ್‌ಟಾಪ್‌ಗಳು ಬಹಳ. ಆದರೆ ಅದೇ ಡಿಸ್ಕಿನಲ್ಲಿ ವಿಂಡೋಸ್ ಇದ್ದರೆ ಅದನ್ನು ಮೊದಲು ಸೇಫ್ ಮೋಡಿಗೆ ಹೊಂದಿಸಿ, ಆಮೇಲೆ ಬದಲಿಸಿ, ಇಲ್ಲವಾದರೆ ವಿಂಡೋಸ್ ನೀಲಿ ಪರದೆ ಕೊಡುತ್ತದೆ. ವಿಂಡೋಸಿನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಹಾಕುವ ಗೂಢಲಿಪಿ ಬೀಗ) ಇದ್ದರೆ ರಿಕವರಿ ಕೀ ಕೈಯಲ್ಲಿರಲಿ.

ನಿಟ್ಟುವಳ್ಳಿ-ಡಿಟಿಪಿ

ಅಷ್ಟೆಲ್ಲ ಹುಡುಕುವ ಬದಲು ಲ್ಯಾಪ್‌ಟಾಪ್‌ಗಳಿಗೆ ನೇರವಾಗಿ ಹೈಬರ್ನೇಟ್ ಇಟ್ಟರೆ ಆಗದೇ ಅಣ್ಣ? ಎಸ್‌ಎಸ್‌ಡಿ ಇದ್ದರೆ ಏಳುವುದೂ ತಡವಾಗುವುದಿಲ್ಲ.

ದುರ್ಗದ-ಕರ್ನಲ್

ಮೂಲ ತೊಂದರೆ ಹಾಗೇ ಉಳಿಯುತ್ತದೆ. ಡ್ರೈವರ್ ಮಲಗಲು ಒಪ್ಪದಿದ್ದರೆ ಹೈಬರ್ನೇಟಿನಲ್ಲೂ ಒಪ್ಪುವುದಿಲ್ಲ, ಅಲ್ಲೂ ಅದೇ ಫ್ರೀಜರ್, ಅದೇ ಡಿವೈಸ್ ಹಂತ. ಮೊದಲು ಸಸ್ಪೆಂಡ್ ಸರಿಮಾಡಿ.

ಹರಿಹರ-ಅಡ್ಮಿನ್

ಬ್ಯಾಗಿನಲ್ಲಿ ಬಿಸಿಯಾಗುವ ಯಂತ್ರದ ವಿಷಯದಲ್ಲಿ ನಾನು ನಿಟ್ಟುವಳ್ಳಿಯವರ ಕಡೆ. ಕಾರಣ ಸಿಗುವ ತನಕ ಬ್ಯಾಟರಿ ಉಬ್ಬಲು ಬಿಡಲಾಗದು. 'ಸಸ್ಪೆಂಡ್-ದೆನ್-ಹೈಬರ್ನೇಟ್' ಇಡಿ: '/ಇಟಿಸಿ/ಸಿಸ್ಟಮ್‌ಡಿ/ಸ್ಲೀಪ್.ಕಾನ್ಫ್' ಕಡತದಲ್ಲಿ 'ಹೈಬರ್ನೇಟ್‌ಡಿಲೇಸೆಕ್=15ಮಿನ್', 'ಲಾಗಿನ್‌ಡಿ.ಕಾನ್ಫ್'ನಲ್ಲಿ 'ಹ್ಯಾಂಡಲ್‌ಲಿಡ್‌ಸ್ವಿಚ್=ಸಸ್ಪೆಂಡ್-ದೆನ್-ಹೈಬರ್ನೇಟ್'.

ಹೈಬರ್ನೇಟ್ ಹೊಂದಿಸುವುದು ಹೀಗೆ. ಉಬುಂಟು ತಾನೇ ಮಾಡುವ ಸ್ವಾಪ್‌ಫೈಲ್ ಚಿಕ್ಕದು. 'ಸ್ವಾಪ್‌ಆಫ್' ಮಾಡಿ ರ‍್ಯಾಮಿನಷ್ಟೇ ದೊಡ್ಡ ಕಡತ ಮಾಡಿ, 'ಸಿಎಚ್‌ಮೋಡ್ 600', 'ಎಂಕೆಸ್ವಾಪ್', 'ಸ್ವಾಪ್‌ಆನ್'. ಆ ಕಡತ ಇರುವ ಪಾರ್ಟಿಷನ್ನಿನ ಯುಯುಐಡಿ (ಗುರುತಿನ ಸಂಖ್ಯೆ) ತೆಗೆದುಕೊಳ್ಳಿ. 'ಫೈಲ್‌ಫ್ರಾಗ್ -ವಿ' ಕೊಟ್ಟಾಗ ಮೊದಲ ಸಾಲಿನ 'ಫಿಸಿಕಲ್_ಆಫ್‌ಸೆಟ್' ಕೆಳಗಿನ ಮೊದಲ ಸಂಖ್ಯೆ ಬರೆದುಕೊಳ್ಳಿ. ಗ್ರಬ್ ಸಾಲಿಗೆ 'ರೆಸ್ಯೂಮ್=ಯುಯುಐಡಿ=…' ಮತ್ತು 'ರೆಸ್ಯೂಮ್_ಆಫ್‌ಸೆಟ್=…' ಸೇರಿಸಿ, 'ಅಪ್‌ಡೇಟ್-ಗ್ರಬ್', 'ಅಪ್‌ಡೇಟ್-ಇನಿಟ್‌ರ‍್ಯಾಮ್‌ಎಫ್‌ಎಸ್ -ಯು'. ಸ್ವಾಪ್‌ಫೈಲನ್ನು ಅಳಿಸಿ ಮತ್ತೆ ಮಾಡಿದರೆ ಆಫ್‌ಸೆಟ್ ಬದಲಾಗುತ್ತದೆ, ಸಾಲನ್ನೂ ಬದಲಿಸಬೇಕು. ಬಿಟಿಆರ್‌ಎಫ್‌ಎಸ್ ಫೈಲ್‌ಸಿಸ್ಟಮಿನಲ್ಲಿ ಫೈಲ್‌ಫ್ರಾಗಿನ ಸಂಖ್ಯೆ ನಂಬಬೇಡಿ, ಅದಕ್ಕೆ ಅದರದೇ 'ಮ್ಯಾಪ್-ಸ್ವಾಪ್‌ಫೈಲ್' ಆಜ್ಞೆ ಇದೆ. ಬಯಾಸಿನಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಉಬುಂಟು ಕರ್ನಲ್ ಹೈಬರ್ನೇಟನ್ನು ತಡೆಯುತ್ತದೆ.

ವಿದ್ಯಾನಗರ-ಲ್ಯಾಬ್

ವಿಎಂಡಿ ಆಫ್ ಮಾಡಿದ ಮೇಲೆ ಲಾಸ್ಟ್_ಎಚ್‌ಡಬ್ಲ್ಯೂ_ಸ್ಲೀಪ್ ಏರುತ್ತಿದೆ. ಈಗ ಎಲ್ಲವೂ ನಂಬಬಹುದಾದ ಸ್ಥಿತಿಗೆ ಬಂದಿವೆ ಅಂತ ಖಾತ್ರಿ ಮಾಡುವುದು ಹೇಗೆ? ಇಮೇಜ್ ಒಂದೇ ಇಡಬೇಕೆಂಬ ಆಸೆ ಹಾಗೇ ಇದೆ.

ದುರ್ಗದ-ಕರ್ನಲ್

ಸತತ ಮಲಗಿಸಿ ಎಬ್ಬಿಸಬೇಕು. ಒಂದೆರಡು ಸಲ ಎದ್ದದ್ದು ಲೆಕ್ಕಕ್ಕಿಲ್ಲ. ಎಷ್ಟೋ ದೋಷಗಳು ಟೈಮಿಂಗಿನವು, ಮೂವತ್ತು ನಲವತ್ತು ಸುತ್ತಿಗೊಮ್ಮೆ ಬರುತ್ತವೆ. 100 ಸುತ್ತು ಇಡಿ.

ಎಲ್ಲರೂ 'ಆರ್‌ಟಿಸಿವೇಕ್ -ಎಂ ಮೆಮ್ -ಎಸ್ 60' ಕೊಡುತ್ತಾರೆ. ಅದು ಸೀದಾ ಕರ್ನಲ್ಲಿಗೆ ಹೇಳುತ್ತದೆ, ಸಿಸ್ಟಮ್‌ಡಿಯ ಹುಕ್‌ಗಳು (ಮಲಗುವಾಗ, ಏಳುವಾಗ ಓಡುವ ಸ್ಕ್ರಿಪ್ಟ್‌ಗಳು) ಓಡುವುದಿಲ್ಲ. ಅಂದರೆ ಎನ್ವಿಡಿಯಾ ಸರ್ವಿಸೂ ಇಲ್ಲ, ವೈಫೈ ಸ್ಕ್ರಿಪ್ಟೂ ಇಲ್ಲ, ನೀವು ಪರೀಕ್ಷಿಸುತ್ತಿರುವುದೇ ಬೇರೆ ದಾರಿ. 'ಆರ್‌ಟಿಸಿವೇಕ್ -ಎಂ ನೋ -ಎಸ್ 60' ಅಂತ ಅಲಾರಂ ಮಾತ್ರ ಇಟ್ಟು, ಆಮೇಲೆ 'ಸಿಸ್ಟಮ್‌ಸಿಟಿಎಲ್ ಸಸ್ಪೆಂಡ್' ಕೊಟ್ಟು, 'ಸ್ಲೀಪ್ 40', ಮತ್ತೆ ಸುತ್ತು. ಈ ನಲವತ್ತರಲ್ಲಿ ಮಲಗಿದ ಹೊತ್ತು ಸೇರುವುದಿಲ್ಲ, ಎದ್ದ ಮೇಲೆ ನೆಟ್‌ವರ್ಕ್ ಬರಲು ಸಮಯ ಸಿಗುತ್ತದೆ. ಪ್ರತಿ ಸುತ್ತಿನಲ್ಲೂ ಗೇಟ್‌ವೇಗೆ ಒಂದು ಪಿಂಗ್, ಸಸ್ಪೆಂಡ್_ಸ್ಟ್ಯಾಟ್ಸಿನ 'ಫೇಲ್' ಸಂಖ್ಯೆ ಕಡತಕ್ಕೆ ಬರೆಯಿರಿ. ಲ್ಯಾಪ್‌ಟಾಪಿನ ಮುಚ್ಚಳ ತೆರೆದಿರಲಿ. ಮುಚ್ಚಿದ್ದರೆ ಲಾಗಿನ್‌ಡಿ ಎದ್ದ ಯಂತ್ರವನ್ನು ಮತ್ತೆ ಮಲಗಿಸಿಬಿಡುತ್ತದೆ.

ಇದರ ಜೊತೆ ಕೈಯಾರೆ ಮಾಡಬೇಕಾದವು: ಚಾರ್ಜರ್ ಹಾಕಿ ಮಲಗಿಸಿ ತೆಗೆದು ಎಬ್ಬಿಸುವುದು, ಪ್ರೊಜೆಕ್ಟರ್ ಹಚ್ಚಿ ಮಲಗಿಸಿ ಕಿತ್ತು ಎಬ್ಬಿಸುವುದು, ಪೆನ್‌ಡ್ರೈವ್ ಮೌಂಟ್ ಆಗಿರುವಾಗ ಮಲಗಿಸಿ ಕೀಳುವುದು. ತರಗತಿಯಲ್ಲಿ ನಡೆಯುವುದೇ ಇವು.

ಹರಿಹರ-ಅಡ್ಮಿನ್

ಇಮೇಜ್ ಒಂದೇ ಇರಲಿ, ಸೆಟ್ಟಿಂಗ್ ಮಾತ್ರ ಮಾಡೆಲ್ ನೋಡಿ ಹಾಕಿಕೊಳ್ಳಲಿ. '/ಸಿಸ್/ಕ್ಲಾಸ್/ಡಿಎಂಐ/ಐಡಿ' ಒಳಗೆ 'ಬೋರ್ಡ್_ನೇಮ್', 'ಪ್ರಾಡಕ್ಟ್_ನೇಮ್', 'ಬಯಾಸ್_ವರ್ಷನ್' ಇವೆ. ಬೂಟ್ ಸರ್ವಿಸಿನಲ್ಲಿ ಈ ಹೆಸರುಗಳಿಗೆ ಒಂದು 'ಕೇಸ್': ಬಿ550 ಆದರೆ ಜಿಪಿಪಿ0 ಆಫ್, ಥಿಂಕ್‌ಪ್ಯಾಡಾದರೆ ಮೆಮ್_ಸ್ಲೀಪಿಗೆ 'ಡೀಪ್' ಬರೆ, ಗುರುತು ಸಿಗದಿದ್ದರೆ ಏನನ್ನೂ ಮುಟ್ಟಬೇಡ. ಕರ್ನಲ್ ಡ್ರೈವರುಗಳೂ ಇದೇ ಡಿಎಂಐ ಹೆಸರು ನೋಡಿಯೇ ಮಾಡೆಲ್‌ವಾರು ತಿದ್ದುಪಡಿ ಹಾಕಿಕೊಳ್ಳುತ್ತವೆ. ಲ್ಯಾಪ್‌ಟಾಪ್‌ಗಳಲ್ಲಿ ಪ್ರಾಡಕ್ಟ್_ನೇಮ್ ಸರಿಯಾಗಿರುತ್ತದೆ (ಥಿಂಕ್‌ಪ್ಯಾಡುಗಳಲ್ಲಿ ಅದು ಬರೀ ಮಾಡೆಲ್ ಸಂಕೇತ, ಹೆಸರು 'ಪ್ರಾಡಕ್ಟ್_ವರ್ಷನ್'ನಲ್ಲಿ ಇರುತ್ತದೆ), ಅಸೆಂಬಲ್ ಡೆಸ್ಕ್‌ಟಾಪಿನಲ್ಲಿ ಅದು ಖಾಲಿಯೋ ಅರ್ಥವಿಲ್ಲದ್ದೋ ಇರುವುದುಂಟು, ಅಲ್ಲಿ ಬೋರ್ಡ್_ನೇಮನ್ನೇ ನಂಬಿ. ಬಯಾಸ್ ಆವೃತ್ತಿಯನ್ನೂ ಲಾಗಿಗೆ ಬರೆಸಿ. ಬಯಾಸ್ ಅಪ್‌ಡೇಟಿನ ಮೇಲೆ ಹಳೇ ತಿದ್ದುಪಡಿ ಬೇಡವಾಗಿರಬಹುದು, ತೆಗೆದು 100 ಸುತ್ತು ಮತ್ತೆ ಓಡಿಸಿ.

ನಿಟ್ಟುವಳ್ಳಿ-ಡಿಟಿಪಿ

ಡ್ಯುಯಲ್ ಬೂಟ್ (ವಿಂಡೋಸ್, ಲಿನಕ್ಸ್ ಎರಡೂ) ಇರುವ ಯಂತ್ರಗಳಿಗೆ ಒಂದು ಮಾತು ಬಿಟ್ಟುಹೋಗಿದೆ. ನುಡಿ ಕಡತಗಳು ವಿಂಡೋಸಿನ ಎನ್‌ಟಿಎಫ್‌ಎಸ್ ಪಾರ್ಟಿಷನ್ನಿನಲ್ಲಿ ಇರುತ್ತವೆ, ಲಿನಕ್ಸಿನಲ್ಲೂ ಅದನ್ನೇ ಮೌಂಟ್ ಮಾಡಿರುತ್ತಾರೆ.

ಹರಿಹರ-ಅಡ್ಮಿನ್

ಸರಿಯಾಗಿ ನೆನಪಿಸಿದಿರಿ. ಲಿನಕ್ಸ್ ಹೈಬರ್ನೇಟ್ ಆಗಿರುವಾಗ ವಿಂಡೋಸಿಗೆ ಬೂಟ್ ಮಾಡಿ ಆ ಪಾರ್ಟಿಷನ್ನಿಗೆ ಬರೆದರೆ, ಲಿನಕ್ಸ್ ಎದ್ದ ಮೇಲೆ ತನ್ನ ಹಳೇ ನೆನಪಿನಂತೆ ಬರೆದು ಫೈಲ್‌ಸಿಸ್ಟಮ್ ಕೆಡಿಸುತ್ತದೆ. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಕೂಡ ಅರ್ಧ ಹೈಬರ್ನೇಟೇ, ತಿರುಗಾಮುರುಗಾ ಅದೇ ಅಪಾಯ. ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ 'ಪವರ್‌ಸಿಎಫ್‌ಜಿ /ಎಚ್ ಆಫ್' ಕೊಟ್ಟರೆ ವಿಂಡೋಸ್ ಕಡೆ ಎರಡೂ ನಿಲ್ಲುತ್ತವೆ. ಲಿನಕ್ಸ್ ಕಡೆ, ಡ್ಯುಯಲ್ ಬೂಟ್ ಯಂತ್ರಗಳಲ್ಲಿ ಹೈಬರ್ನೇಟ್ ಬೇಕೇಬೇಕಾದರೆ ಅದೇ ಸಿಸ್ಟಮ್-ಸ್ಲೀಪ್ ಫೋಲ್ಡರಿನಲ್ಲಿ 'ಪ್ರೀ' ಹಂತಕ್ಕೆ ಎನ್‌ಟಿಎಫ್‌ಎಸ್ ಅನ್‌ಮೌಂಟ್, 'ಪೋಸ್ಟ್'ಗೆ ಮೌಂಟ್ ಇಡಿ. ಯಾರಾದರೂ ಅದರಲ್ಲಿನ ಕಡತ ತೆರೆದಿಟ್ಟಿದ್ದರೆ ಅನ್‌ಮೌಂಟ್ ಸೋಲುತ್ತದೆ, ಆದರೆ ಹುಕ್ ಸೋತರೂ ಸಿಸ್ಟಮ್‌ಡಿ ಹೈಬರ್ನೇಟನ್ನು ನಿಲ್ಲಿಸುವುದಿಲ್ಲ. ಹಾಗಾಗಿ ಹಂಚಿಕೊಂಡ ಎನ್‌ಟಿಎಫ್‌ಎಸ್ ಇರುವ ಯಂತ್ರಗಳಲ್ಲಿ ಲ್ಯಾಬಿನ ಮಕ್ಕಳ ಕೈಗೆ ಸಸ್ಪೆಂಡ್ ಮಾತ್ರ ಕೊಡಿ, ಸ್ಲೀಪ್.ಕಾನ್ಫಿನಲ್ಲಿ 'ಅಲೌಹೈಬರ್ನೇಷನ್=ನೋ' ಬರೆದುಬಿಡಿ.